ರೀಫಂಡ್ ಕೊಡ್ತೀವಿ ಅಂತ ಕರೆ ಬಂದಾಗಲೇ ಹೆಚ್ಚು ದುಡ್ಡು ಹೋಗೋದು

ತ್ಯಾಗರಾಜನಗರದವಳು

ವರಮಹಾಲಕ್ಷ್ಮಿ ಹಬ್ಬಕ್ಕೆ ಅಂತ ನಮ್ಮ ಚಿಕ್ಕಮ್ಮ ಇನ್‌ಸ್ಟಾಗ್ರಾಮ್‌ನಲ್ಲಿ ಜಾಹೀರಾತು ನೋಡಿ ಮೈಸೂರು ಸಿಲ್ಕ್ ಸೀರೆ ಆರ್ಡರ್ ಮಾಡಿದ್ರು. 1,899 ರೂಪಾಯಿ, ಯುಪಿಐನಲ್ಲಿ ಕಟ್ಟಿದ್ರು. ಹಬ್ಬ ಮುಗೀತು, ಸೀರೆ ಬರಲಿಲ್ಲ. ಇಷ್ಟು ಎಲ್ಲರ ಮನೇಲೂ ಕೇಳಿರೋ ಕತೆ. ನಾನು ಬರೀತಿರೋದು ಆಮೇಲೆ ಆಗಿದ್ದರ ಬಗ್ಗೆ.

ಆ ಪೇಜಿನ ಕೆಳಗೆ ಚಿಕ್ಕಮ್ಮ "ನನ್ನ ಸೀರೆ ಇನ್ನೂ ಬಂದಿಲ್ಲ" ಅಂತ ಕಾಮೆಂಟ್ ಹಾಕಿದ್ರು. ಅವತ್ತು ಮಧ್ಯಾಹ್ನವೇ ಫೋನ್ ಬಂತು. ಒಳ್ಳೆ ಕನ್ನಡ. "ಅಮ್ಮಾ, ತಪ್ಪು ನಮ್ಮದೇ, ಗೋಡೌನ್‌ನಲ್ಲಿ ಸ್ಟಾಕ್ ಮುಗಿದಿತ್ತು, ಪೂರ್ತಿ ದುಡ್ಡು ವಾಪಸ್ ಹಾಕ್ತೀವಿ" ಅಂದನಂತೆ. ಆರ್ಡರ್ ನಂಬರ್ ಹೇಳ್ದ. ಅರಿಶಿನ ಬಣ್ಣಕ್ಕೆ ಹಸಿರು ಅಂಚು ಅಂತ ಸೀರೆಯನ್ನೂ ಬಿಡಿಸಿ ಹೇಳ್ದ. ಇಷ್ಟೆಲ್ಲ ಗೊತ್ತಿರೋನು ಅಂಗಡಿಯವನಲ್ಲದೆ ಇನ್ಯಾರು ಅಂತ ಚಿಕ್ಕಮ್ಮ ಅಂದುಕೊಂಡ್ರು. ವಾಟ್ಸಾಪ್‌ನಲ್ಲಿ "ರೀಫಂಡ್ ಫಾರ್ಮ್" ಅಂತ ಒಂದು ಫೈಲ್ ಕಳಿಸಿದ. ಒತ್ತಿದ್ರೆ ಆಪ್ ಇನ್‌ಸ್ಟಾಲ್ ಆಯ್ತು, ಮೆಸೇಜ್ ಓದೋಕೆ ಅನುಮತಿ ಕೇಳ್ತು, ಇವರು ಕೊಟ್ರು. ಹೆಸರು, ಡೆಬಿಟ್ ಕಾರ್ಡ್ ನಂಬರ್, ಕಾರ್ಡಿನ ಹಿಂಬದಿಯ ಮೂರು ಅಂಕಿ, "ಖಾತೆ ಪರಿಶೀಲನೆಗೆ 5 ರೂಪಾಯಿ" ಎಲ್ಲ ತುಂಬಿದ್ರು. ಓಟಿಪಿಯನ್ನ ಇವರು ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ. ಆ ಆಪೇ ಓದಿ ಅವರಿಗೆ ಕಳಿಸಿಬಿಡ್ತು. ಎರಡು ಸಲ ಸೇರಿ 38,400 ರೂಪಾಯಿ ಹೋಯ್ತು.

ಲೆಕ್ಕ ನೋಡಿ. ಸೀರೆಗೆ ಹೋಗಿದ್ದು 1,899, ರೀಫಂಡಿಗೆ ಹೋಗಿದ್ದು ಅದರ ಇಪ್ಪತ್ತರಷ್ಟು. ಕೊಳ್ಳೋವಾಗ ನಾವೆಲ್ಲ ಒಂದಿಷ್ಟು ಅನುಮಾನ ಇಟ್ಕೊಂಡೇ ಇರ್ತೀವಿ. ಕೊಂಡಾದ ಮೇಲೆ ಪಾರ್ಸೆಲ್ ಕಾಯ್ತಾ, ರೀಫಂಡ್ ಕಾಯ್ತಾ ಕೂತಿರೋವಾಗ ಬರೋ ಫೋನು ನಾವೇ ಎದುರು ನೋಡ್ತಿದ್ದ ಫೋನು. ಅದನ್ನ ಅನುಮಾನಿಸೋದು ಬಹಳ ಕಷ್ಟ. ಹುಷಾರಾಗಿರಿ ಅಂತ ಎಲ್ಲರೂ ಹೇಳ್ತಾರೆ, ಈ ಎರಡನೇ ಹಂತದ ಬಗ್ಗೆ ಯಾರೂ ಹೇಳಲ್ಲ. ನಿಮ್ಮ ಕಣ್ಣಿಗೆ ಬಿದ್ದಿರೋದನ್ನ ದಯವಿಟ್ಟು ಬರೀರಿ.

ವಿಜಯನಗರ ಹುಡುಗ

ಬೇಜಾರಾಯ್ತು ಅಕ್ಕ. ಆದ್ರೂ ನೇರವಾಗಿ ಕೇಳ್ತೀನಿ, 1,899ಕ್ಕೆ ಮೈಸೂರು ಸಿಲ್ಕ್ ಸಿಗುತ್ತಾ? ಅಷ್ಟು ಕಮ್ಮಿಗೆ ಸಿಗುತ್ತೆ ಅನ್ನೋ ಆಸೆಯಿಂದಲೇ ಇದೆಲ್ಲ ಶುರುವಾಗೋದು ಅಲ್ವಾ? ಬೆಲೆ ನೋಡಿದ ತಕ್ಷಣ ಗೊತ್ತಾಗಬೇಕಿತ್ತು.

ಸೀರೆ ಮಾರೋ ಅಕ್ಕ

ತಮ್ಮಾ, ಬೆಲೆ ವಿಚಾರ ನೀನು ಹೇಳಿದ್ದು ಸರಿ, ಆಸೆ ಅನ್ನೋ ಮಾತು ಬೇಡ. ನಾನು ಚಿಕ್ಕಪೇಟೆಯಿಂದ ಮಾಲು ತಂದು ಮನೆಯಿಂದಲೇ ಆನ್‌ಲೈನ್‌ನಲ್ಲಿ ಮಾರ್ತೀನಿ. ದಿನಾ ಹತ್ತು ಜನ "ಇನ್ಸ್ಟಾದಲ್ಲಿ ಎರಡು ಸಾವಿರಕ್ಕೆ ಕೊಡ್ತಾರೆ, ನೀವ್ಯಾಕೆ ಜಾಸ್ತಿ ಹೇಳ್ತೀರಾ" ಅಂತ ಕೇಳ್ತಾರೆ. ಅವರು ಆಸೆಬುರುಕರಲ್ಲ, ರೇಷ್ಮೆ ಬೆಲೆ ಗೊತ್ತಿಲ್ಲದವರು ಅಷ್ಟೆ.

ಮೈಸೂರು ಸಿಲ್ಕ್ ಅನ್ನೋದಕ್ಕೆ ಭೌಗೋಳಿಕ ಗುರುತು ಇದೆ, ಅಂದ್ರೆ ಯಾರು ಬೇಕಾದರೂ ಆ ಹೆಸರು ಹಾಕ್ಕೊಳ್ಳೋ ಹಾಗಿಲ್ಲ, ಕೆಎಸ್‌ಐಸಿ ಅನ್ನೋ ಸರ್ಕಾರಿ ನಿಗಮ ತಯಾರಿಸೋದು. ಕೆ.ಜಿ. ರಸ್ತೆ ಮಳಿಗೆ ಮುಂದೆ ಹೆಂಗಸರು ಬೆಳಗಿನ ಜಾವದಿಂದ ಕ್ಯೂ ನಿಂತಿದ್ದನ್ನ ನೀವೂ ನೋಡಿರಬಹುದು. ಅಷ್ಟು ಬೇಡಿಕೆ ಇರೋ ಸೀರೆಯನ್ನ ಯಾರೋ ಶೇಕಡ 90 ರಿಯಾಯಿತಿಗೆ ಮನೆಗೆ ಕಳಿಸ್ತಾರೆ ಅಂದ್ರೆ ನಂಬೋ ಮಾತಲ್ಲ. ಜಾಹೀರಾತಿನಲ್ಲಿ ತೋರಿಸೋ ವಿಡಿಯೋ ಬೇರೆ ಯಾರೋ ಅಂಗಡಿಯವರದ್ದು. ನನ್ನ ವಿಡಿಯೋನೇ ಕದ್ದು ಇನ್ನೊಂದು ಪೇಜಿನಲ್ಲಿ ಹಾಕಿದ್ರು, ನನ್ನ ಕೈ ಬಳೆ ಸಮೇತ. ರಿಪೋರ್ಟ್ ಮಾಡಿದೆ, ಪೇಜ್ ಹೋಯ್ತು, ಮರುವಾರ ಇನ್ನೊಂದು ಹೆಸರಲ್ಲಿ ಬಂತು.

ನನ್ನ ಗಿರಾಕಿಗಳಿಗೆ ನಾನೇ ಹೇಳ್ಕೊಡೋದು ಇದು. ದುಡ್ಡು ಹಾಕೋ ಮುಂಚೆ ಸೀರೆ ಮೇಲೆ ನಿಮ್ಮ ಹೆಸರು ಬರೆದ ಚೀಟಿ ಇಟ್ಟು ಈಗಲೇ ವಿಡಿಯೋ ಮಾಡಿ ಕಳಿಸಿ ಅನ್ನಿ. ಮಾಲು ಕೈಯಲ್ಲಿದ್ರೆ ಐದು ನಿಮಿಷದ ಕೆಲಸ. "ಗೋಡೌನ್ ಬೇರೆ ಕಡೆ ಇದೆ ಮೇಡಂ" ಅಂದ್ರೆ ಅಲ್ಲಿಗೇ ಬಿಟ್ಟುಬಿಡಿ. ಎರಡನೇದು, ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಬ್ಯಾಂಕಲ್ಲಿರೋ ಹೆಸರು ಕಾಣುತ್ತೆ. ಪೇಜಿನ ಹೆಸರು ಯಾವುದೋ ಸಿಲ್ಕ್ಸ್, ಖಾತೆ ಹೆಸರು ಇನ್ಯಾವುದೋ ರಾಜ್ಯದ ಹುಡುಗನದ್ದು ಅಂದ್ರೆ ಕೇಳಿ, ಯಾಕೆ ಅಂತ. ನಂದು ನನ್ನ ಯಜಮಾನರ ಹೆಸರಲ್ಲಿ ಬರುತ್ತೆ, ಕೇಳಿದವರಿಗೆ ಹೇಳ್ತೀನಿ, ತಪ್ಪೇನಿಲ್ಲ.

ಜಿಎಸ್‌ಟಿ ನಂಬರ್ ಹಾಕಿದ್ರೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಯಾರು ಬೇಕಾದರೂ ಹಾಕಿ ನೋಡಬಹುದು, ನೋಂದಣಿಯಾದ ಹೆಸರು ಬರುತ್ತೆ. ಒಟ್ಟು 15 ಅಕ್ಷರ ಅಂಕಿ ಇರ್ತವೆ, ಮೊದಲೆರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 29. ಬೆಂಗಳೂರು ಅಂಗಡಿ ಅಂತ ಹೇಳಿ ಬೇರೆ ಅಂಕಿಯಿಂದ ಶುರುವಾದ್ರೆ ಯಾಕೆ ಅಂತ ಕೇಳ್ಬೇಕು. ಆದ್ರೆ ಜಿಎಸ್‌ಟಿ ಇಲ್ಲ ಅಂದ ಮಾತ್ರಕ್ಕೆ ಕಳ್ಳರಲ್ಲ. ರಾಜ್ಯದೊಳಗೆ ಮಾತ್ರ ಮಾಲು ಮಾರಿ ವರ್ಷಕ್ಕೆ 40 ಲಕ್ಷದೊಳಗೆ ವ್ಯಾಪಾರ ಮಾಡೋರಿಗೆ ನೋಂದಣಿ ಕಡ್ಡಾಯ ಇಲ್ಲ. ನಮ್ಮಂಥ ಸಣ್ಣವರನ್ನ ದಯವಿಟ್ಟು ಅದೊಂದರಿಂದ ಅಳೀಬೇಡಿ.

ವಿಜಯನಗರ ಹುಡುಗ

ಸರಿ ಅಕ್ಕ, ಆ ಮಾತು ವಾಪಸ್ ತಗೊಂಡೆ. ಕ್ಯಾಶ್ ಆನ್ ಡೆಲಿವರಿ ತಗೊಂಡ್ರೆ ಈ ತಲೆನೋವೇ ಇರಲ್ಲ ಅಲ್ವಾ?

ಬೈಕ್ ಮ್ಯಾಲಿನ ರಾಯಚೂರಾಂವ

ಅಣ್ಣಾರ, ಸಿಓಡಿ ಅಂದ್ರ ಸೇಫ್ ಅಂತ ತಿಳ್ಕೊಬ್ಯಾಡ್ರಿ. ನಾ ಬೆಂಗಳೂರಾಗ ಡೆಲಿವರಿ ಮಾಡ್ತೀನ್ರಿ, ಬನಶಂಕರಿ ಸುತ್ತಮುತ್ತ. ಬಾಕ್ಸ್ ಒಳಗ ಏನದ ಅಂತ ನಮ್ಗೂ ಗೊತ್ತಿರಂಗಿಲ್ಲ. ರೊಕ್ಕ ಕೊಟ್ಟ ಮ್ಯಾಲೇ ಪಾರ್ಸೆಲ್ ಒಡೀಬೇಕು, ಬಹಳಷ್ಟು ಕಡೆ ಅದೇ ರೂಲ್ ಅದ. ಒಡದ್ರ ಹಳೇ ಬಟ್ಟಿ ಇರ್ತದ, ನಾ ಮುಂದಿನ ಬೀದ್ಯಾಗ ಇರ್ತೀನಿ. ಮಂದಿ ನಮ್ಮ ಮ್ಯಾಲೆ ಸಿಟ್ಟಾಗ್ತಾರ.

ಇನ್ನೊಂದು, ಆರ್ಡರ್ ಮಾಡದೇ ಇದ್ದರೂ ಸಿಓಡಿ ಪಾರ್ಸೆಲ್ ಬರ್ತಾವ. ಮನ್ಯಾಗ ಅಜ್ಜಾರು ಇರ್ತಾರ, "ಮಗ ತರಿಸಿರಬೇಕು" ಅಂತ 599 ಕೊಟ್ಟು ತಗೋತಾರ. ಮನ್ಯಾಗ ಎಲ್ಲಾರ್ಗೂ ಹೇಳಿ ಇಡ್ರಿ: ಕೇಳದೇ ರೊಕ್ಕ ಕೊಡಬ್ಯಾಡ್ರಿ. ವಾಪಸ್ ಒಯ್ಯಿ ಅಂದ್ರ ನಮ್ಗೇನೂ ಬ್ಯಾಸರ ಇಲ್ರಿ. ಫೋನು, ಲ್ಯಾಪ್‌ಟಾಪ್ ತರಿಸಿದ್ರ ಓಪನ್ ಬಾಕ್ಸ್ ಡೆಲಿವರಿ ಇದ್ದಲ್ಲಿ ಅದನ್ನೇ ತಗೋರಿ. ನಮ್ಮ ಎದುರೇ ಬಾಕ್ಸ್ ತೆಗಿಸ್ರಿ, ಸಾಮಾನು ನೋಡ್ರಿ, ಆಮ್ಯಾಲೆ ಓಟಿಪಿ ಹೇಳ್ರಿ. ಓಟಿಪಿ ಹೇಳಿದ್ರಿ ಅಂದ್ರ ಸಾಮಾನು ಸರಿಯಾಗಿ ಮುಟ್ಟಿತು ಅಂತ ಸಹಿ ಹಾಕಿದಂಗ.

ಮತ್ತ ಈ ಮೆಸೇಜು. "ನಿಮ್ಮ ವಿಳಾಸ ಅಪೂರ್ಣ ಅದ, ಲಿಂಕ್ ಒತ್ತಿ 25 ರೂಪಾಯಿ ಕಟ್ರಿ, ನಾಳೆ ಮತ್ತ ಡೆಲಿವರಿ ಮಾಡ್ತೀವಿ" ಅಂತ. ಅಂಚೆ ಇಲಾಖಿ ಹೆಸರಿನ್ಯಾಗೂ ಬರ್ತದ. ವಿಳಾಸ ಸಿಗದೇ ಇದ್ರ ನಾವು ಲಿಂಕ್ ಕಳಿಸಂಗಿಲ್ರಿ, ಫೋನ್ ಹಚ್ಚಿ "ಯಾವ ಕ್ರಾಸು, ಯಾವ ಗುಡಿ ಹತ್ರ" ಅಂತ ಕೇಳ್ತೀವಿ. ಇಪ್ಪತ್ತೈದು ರೂಪಾಯಿ ಅವ್ರಿಗೆ ಬೇಕಾಗಿಲ್ಲ, ನಿಮ್ಮ ಕಾರ್ಡ್ ನಂಬರ್ ಬೇಕಾಗಿರ್ತದ.

ಕೆಲವರು ಫೋನ್ ಮಾಡಿ "ಡೆಲಿವರಿ ಹುಡುಗನ ನಂಬರ್ ಸಿಗಬೇಕಂದ್ರ ಸ್ಟಾರ್ 21 ಸ್ಟಾರ್ ಹಚ್ಚಿ ಈ ನಂಬರ್ ಒತ್ರಿ" ಅಂತಾರ. ಒತ್ತಿದ್ರ ನಿಮ್ಗ ಬರೋ ಕಾಲ್ ಎಲ್ಲಾ ಅವ್ರ ಫೋನಿಗೆ ಹೋಗ್ತಾವ, ಓಟಿಪಿ ಹೇಳೋ ಕಾಲೂ ಸೇರಿ. ಯಾವ ಡೆಲಿವರಿಗೂ ಹಂಗ ಒತ್ತೋದು ಬೇಕಾಗಿಲ್ರಿ. ಒತ್ತಿಬಿಟ್ಟಿದ್ರ ##002# ಹಚ್ರಿ, ಎಲ್ಲಾ ಫಾರ್ವರ್ಡ್ ಬಂದ್ ಆಗ್ತಾವ.

ಪಾರ್ಸೆಲ್ ಮ್ಯಾಲಿನ ಚೀಟಿ ಹರದು ಕಸಕ್ಕ ಹಾಕ್ರಿ. ನಿಮ್ಮ ಹೆಸರು, ಫೋನು, ಮನಿ, ಎಲ್ಲಾ ಅದರಾಗ ಇರ್ತದ. ಅಪಾರ್ಟ್‌ಮೆಂಟ್ ಕಸದ ಕೋಣ್ಯಾಗ ರಾಶಿ ರಾಶಿ ಬಿದ್ದಿರ್ತಾವ.

ತ್ಯಾಗರಾಜನಗರದವಳು

ಅಣ್ಣ, ಆ ಚೀಟಿ ಮಾತು ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಆರ್ಡರ್ ವಿವರ ಗೊತ್ತಿದೆ ಅಂದ ಮಾತ್ರಕ್ಕೆ ಅಂಗಡಿಯವನೇ ಅಂತ ನಂಬೋ ಹಾಗಿಲ್ಲ. ಚಿಕ್ಕಮ್ಮನ ವಿಷಯದಲ್ಲಿ ಸೀರೆ ಪೇಜಿನವರೇ ಫೋನ್ ಮಾಡಿದ್ದು ಅಂತ ನನ್ನ ಅನುಮಾನ. ಆದ್ರೆ ನಿಜವಾದ ಅಂಗಡಿಯಲ್ಲಿ ಕೊಂಡವರ ವಿವರವೂ ಹೀಗೆ ಬೀದಿಗೆ ಬೀಳಬಹುದು.

ನಿವೃತ್ತ ಬ್ಯಾಂಕಿನವನು

ನಾನು ಮೂರು ದಶಕ ಬ್ಯಾಂಕಿನಲ್ಲಿ ಕೆಲಸ ಮಾಡಿದವನು, ಈಗ ಬಸವನಗುಡಿಯಲ್ಲಿದ್ದೇನೆ. ನಮ್ಮ ಬಡಾವಣೆಯ ಹಿರಿಯರಿಗೆ ಹೇಳುವ ವಿಷಯಗಳನ್ನೇ ಇಲ್ಲೂ ಬರೆಯುತ್ತೇನೆ.

ದುಡ್ಡು ಬರುವುದಕ್ಕೆ ಪಿನ್ ಬೇಡ. ಯುಪಿಐ ಪಿನ್ ಒತ್ತಿದಿರಿ ಎಂದರೆ ನಿಮ್ಮ ಖಾತೆಯಿಂದ ಹೋಗುತ್ತದೆ, ಇಲ್ಲವೇ ನೀವು ಬ್ಯಾಲೆನ್ಸ್ ನೋಡುತ್ತಿದ್ದೀರಿ. ಸ್ಕ್ಯಾನ್ ಮಾಡುವುದೂ ಕೊಡುವುದಕ್ಕೇ. ಹಳೇ ಸೋಫಾ ಮಾರಲು ಜಾಹೀರಾತು ಹಾಕಿದವರಿಗೆ "ನಾನು ಮಿಲಿಟರಿಯವನು, ಅಡ್ವಾನ್ಸ್ ಹಾಕುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ" ಎಂದು ಸಮವಸ್ತ್ರದ ಫೋಟೋ ಕಳಿಸುವವರು ಇದೇ ಗೊಂದಲದ ಮೇಲೆ ಬದುಕುತ್ತಾರೆ. ಒಬ್ಬರು ಇನ್ನೊಬ್ಬರಿಗೆ "ದುಡ್ಡು ಕೊಡಿ" ಎಂದು ಕೋರಿಕೆ ಕಳಿಸುವ ಸೌಲಭ್ಯವನ್ನು ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದೆ. ಆ ಒಂದು ದಾರಿ ಮುಚ್ಚಿತು. ಕ್ಯೂಆರ್ ದಾರಿ ಮುಚ್ಚಿಲ್ಲ, ಅಂಗಡಿಗಳು ಕಳಿಸುವ ಕೋರಿಕೆಯೂ ಮುಂದುವರಿದಿದೆ.

ಹೊಸ ಅಂಗಡಿಯಲ್ಲಿ ಮೊದಲ ಸಲ ಕೊಳ್ಳುವಾಗ ಸಾಧ್ಯವಿದ್ದರೆ ಕ್ರೆಡಿಟ್ ಕಾರ್ಡ್ ಬಳಸಿ. ಸರಕು ಬರದಿದ್ದರೆ ಬ್ಯಾಂಕಿನಲ್ಲಿ ತಕರಾರು ಹಾಕಿ ಚಾರ್ಜ್‌ಬ್ಯಾಕ್, ಅಂದರೆ ಕಟ್ಟಿದ ಹಣ ವಾಪಸ್, ಕೇಳಬಹುದು. ಯುಪಿಐನಲ್ಲಿ ನೀವೇ ಪಿನ್ ಒತ್ತಿ ಕಳಿಸಿದ ದುಡ್ಡನ್ನು ಹಿಂದಕ್ಕೆ ಎಳೆಯುವುದು ಬಹಳ ಕಷ್ಟ.

ಇನ್ನು ಬ್ಯಾಂಕಿನ ಹೊಣೆ. ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಗ್ರಾಹಕರದ್ದೂ ಬ್ಯಾಂಕಿನದ್ದೂ ತಪ್ಪಿಲ್ಲದೆ ಮೂರನೆಯವರಿಂದ ಹಣ ಹೋಗಿದ್ದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟ ಇಲ್ಲ. ನಾಲ್ಕರಿಂದ ಏಳು ಕೆಲಸದ ದಿನದೊಳಗಾದರೆ ಒಂದು ಮಿತಿಯವರೆಗೆ ಹೊರಬೇಕು. ಆದರೆ ಕಾರ್ಡ್ ವಿವರ, ಪಿನ್ ಹಂಚಿಕೊಂಡದ್ದು ಗ್ರಾಹಕರ ನಿರ್ಲಕ್ಷ್ಯ ಎಂದಾದರೆ, ಬ್ಯಾಂಕಿಗೆ ತಿಳಿಸುವ ತನಕ ಆದ ನಷ್ಟ ಗ್ರಾಹಕರದ್ದೇ. ತಿಳಿಸಿದ ಮೇಲೆ ಹೋದ ಪ್ರತಿ ರೂಪಾಯಿಗೂ ಬ್ಯಾಂಕು ಹೊಣೆ. ಆದ್ದರಿಂದ ನಿಮ್ಮ ತಪ್ಪು ಇದ್ದರೂ ಕೂಡಲೇ ತಿಳಿಸಿ. ಮೇಡಂ, ನಿಮ್ಮ ಚಿಕ್ಕಮ್ಮ ಎಷ್ಟು ಹೊತ್ತಿಗೆ ತಿಳಿಸಿದರು?

ತ್ಯಾಗರಾಜನಗರದವಳು

ಅಲ್ಲೇ ಸರ್ ನಮಗೆ ಪೆಟ್ಟು ಬಿದ್ದಿದ್ದು. ಎರಡು ದಿನ ಯಾರಿಗೂ ಹೇಳಲಿಲ್ಲ. ಚಿಕ್ಕಪ್ಪ ಬೈತಾರೆ, ಮಕ್ಕಳು "ನಿನಗ್ಯಾಕೆ ಫೋನು" ಅಂತಾರೆ ಅಂತ ಹೆದರಿ ಊಟ ಬಿಟ್ಟು ಕೂತಿದ್ರು. ಇಪ್ಪತ್ತು ವರ್ಷ ಶಾಲೆಯಲ್ಲಿ ಪಾಠ ಮಾಡಿದವರು, ಮನೆಯವರ ಮುಂದೆ ತಲೆ ತಗ್ಗಿಸಬೇಕಲ್ಲ ಅನ್ನೋ ಸಂಕಟ. ಅಷ್ಟು ಹೊತ್ತಿಗೆ ದುಡ್ಡು ನಾಲ್ಕು ಖಾತೆ ದಾಟಿ ಹೋಗಿತ್ತು.

ಮನೇಲಿ ಅಪ್ಪ ಅಮ್ಮ ಇರೋರೆಲ್ಲ ಇವತ್ತೇ ಒಂದು ಮಾತು ಹೇಳಿಬಿಡಿ: "ದುಡ್ಡು ಹೋದ್ರೆ ಮೊದಲು ನನಗೆ ಫೋನ್ ಮಾಡಿ, ನಾನು ಒಂದು ಮಾತೂ ಬಯ್ಯಲ್ಲ." ನನ್ನ ಚಿಕ್ಕಮ್ಮನಿಗೆ ಯಾರೂ ಹಾಗೆ ಹೇಳಿರಲಿಲ್ಲ. ನಾವು ಊಟದ ಮನೇಲಿ ಕೂತು ಟಿವಿ ನೋಡ್ತಾ "ಇಷ್ಟು ದಡ್ಡರು ಇರ್ತಾರಾ" ಅಂತ ಆಡ್ಕೊಂಡ ಮಾತುಗಳೇ ಅವರ ಬಾಯಿ ಕಟ್ಟಿಹಾಕಿದ್ದು.

ಎಚ್‌ಎಸ್‌ಆರ್ ಲೇಔಟ್ ಟೆಕ್ಕಿ

ಅದು ನೂರಕ್ಕೆ ನೂರು ನಿಜ ಮೇಡಂ. ದಡ್ಡತನಕ್ಕೂ ಇದಕ್ಕೂ ಸಂಬಂಧ ಇಲ್ಲ. 2024ರಲ್ಲಿ ಪತ್ರಿಕೆಗಳಲ್ಲಿ ಬಂದ ನಮ್ಮೂರಿನ ಎರಡು ಪ್ರಕರಣ ನೆನಪಿಸ್ತೀನಿ. ಫೆಬ್ರವರಿಯಲ್ಲಿ ಒಬ್ಬರು 49 ರೂಪಾಯಿಗೆ ನಾಲ್ಕು ಡಜನ್ ಮೊಟ್ಟೆ ಅನ್ನೋ ಆಫರ್ ನೋಡಿ ಕಾರ್ಡ್ ವಿವರ ತುಂಬಿ 48 ಸಾವಿರ ಕಳ್ಕೊಂಡ್ರು. ಮಾರ್ಚ್‌ನಲ್ಲಿ ಹಿರಿಯ ಮಹಿಳೆಯೊಬ್ಬರು ಒಡೆದ ಹಾಲನ್ನ ವಾಪಸ್ ಕೊಡೋಕೆ ಅಂತ ಇಂಟರ್‌ನೆಟ್‌ನಲ್ಲಿ ಸಿಕ್ಕ ಕಸ್ಟಮರ್ ಕೇರ್ ನಂಬರಿಗೆ ಫೋನ್ ಮಾಡಿ 77 ಸಾವಿರ ಕಳ್ಕೊಂಡ್ರು. ಎರಡನೆಯವರು ಯಾವ ಆಫರಿಗೂ ಬಿದ್ದವರಲ್ಲ. ಹಾಳಾದ ಹಾಲಿಗೆ ನ್ಯಾಯ ಕೇಳಿದವರು.

ಅದಕ್ಕೇ ಕಸ್ಟಮರ್ ಕೇರ್ ನಂಬರನ್ನ ಯಾವತ್ತೂ ಸರ್ಚ್ ಮಾಡಿ ತಗೋಬೇಡಿ. ಮೋಸಗಾರರು ದುಡ್ಡು ಕೊಟ್ಟು ತಮ್ಮ ನಂಬರನ್ನ ಸರ್ಚಿನಲ್ಲಿ ಮೇಲೆ ತರಿಸ್ತಾರೆ, ಮ್ಯಾಪ್‌ನಲ್ಲಿ ಅಂಗಡಿ ಹೆಸರಿನ ಕೆಳಗೆ ತಮ್ಮ ನಂಬರ್ ಸೇರಿಸ್ತಾರೆ. ಮದ್ಯದ ಅಂಗಡಿ ಹೆಸರಲ್ಲಿ ಬೆಂಗಳೂರಿನಲ್ಲಿ ವರ್ಷಗಳಿಂದ ಇದೇ ನಡೀತಿದೆ, ಕರ್ನಾಟಕದಲ್ಲಿ ಮದ್ಯವನ್ನ ಮನೆಗೆ ತಲುಪಿಸೋಕೆ ಅನುಮತಿಯೇ ಇಲ್ಲ. ಕೊಂಡ ಆಪ್ ತೆರೆದು, ಆ ಆರ್ಡರ್ ಒತ್ತಿ, ಅದರೊಳಗಿನ ಹೆಲ್ಪ್‌ನಿಂದ ಮಾತಾಡಿ. ಅವರೇ ಫೋನ್ ಮಾಡಿದ್ರೂ "ಇಡಿ, ನಾನು ಆಪ್‌ನಿಂದ ನೋಡ್ತೀನಿ" ಅಂತ ಇಟ್ಟುಬಿಡಿ. ನಿಜವಾದ ರೀಫಂಡ್, ನಿಮ್ಮ ದುಡ್ಡು ಯಾವ ದಾರಿಯಲ್ಲಿ ಹೋಗಿತ್ತೋ ಅದೇ ದಾರಿಯಲ್ಲಿ ತಾನಾಗೇ ಬರುತ್ತೆ. ಅದಕ್ಕೆ ಫಾರ್ಮೂ ಬೇಡ, ಫೈಲೂ ಬೇಡ, ಸ್ಕ್ರೀನ್ ಶೇರೂ ಬೇಡ.

ವೆಬ್‌ಸೈಟ್ ಬಗ್ಗೆ: ಬೀಗದ ಚಿಹ್ನೆ ಇದ್ದ ಮಾತ್ರಕ್ಕೆ ಅಂಗಡಿ ಅಸಲಿ ಅಲ್ಲ. ನಿಮಗೂ ಆ ಸೈಟಿಗೂ ನಡುವೆ ಯಾರೂ ಕದ್ದು ಓದ್ತಿಲ್ಲ ಅಂತಷ್ಟೇ ಅದರ ಅರ್ಥ, ಆ ಬೀಗ ಬರೋಕೆ ಬೇಕಾದ ಪ್ರಮಾಣಪತ್ರ ಬಿಟ್ಟಿ ಸಿಗುತ್ತೆ, ಕಳ್ಳನೂ ಹಾಕ್ಕೋತಾನೆ. ವಿಳಾಸ ಓದೋವಾಗ ಮೊದಲ ಒಂಟಿ ಓರೆ ಗೆರೆ (/) ಬರೋ ಜಾಗ ಹುಡುಕಿ, ಅದರ ಎಡಕ್ಕೆ ಅಂಟಿಕೊಂಡಿರೋದೇ ಮಾಲೀಕನ ಹೆಸರು. ಶುರುವಿನಲ್ಲಿ ದೊಡ್ಡ ಕಂಪನಿಯ ಹೆಸರಿದ್ದು ಕೊನೆಯಲ್ಲಿ "ಆಫರ್ ಸೇಲ್ ಡಾಟ್ ಶಾಪ್" ಅಂತಿದ್ರೆ ಅದು ಆಫರ್ ಸೇಲ್‌ನವರ ಸೈಟು. ಹೂಈಸ್ (whois) ಅನ್ನೋ ಹುಡುಕಾಟದಲ್ಲಿ ವಿಳಾಸ ಹಾಕಿದ್ರೆ ಸೈಟ್ ಯಾವಾಗ ನೋಂದಣಿಯಾಯ್ತು ಅಂತ ಬರುತ್ತೆ. "25 ವರ್ಷದ ನಂಬಿಕೆ" ಅಂತ ಬರ್ಕೊಂಡವರ ಸೈಟಿಗೆ ಮೂರು ವಾರ ವಯಸ್ಸಾಗಿರುತ್ತೆ. "ಇನ್ನು 9 ನಿಮಿಷ ಮಾತ್ರ" ಅಂತ ಓಡೋ ಗಡಿಯಾರ ಕಂಡ್ರೆ ಪೇಜ್ ರಿಫ್ರೆಶ್ ಮಾಡಿ, ಮತ್ತೆ 9ರಿಂದ ಶುರುವಾಗುತ್ತಾ ನೋಡಿ. ಇಂಥ ಸುಳ್ಳು ಅವಸರವನ್ನ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲೇ ತಪ್ಪು ಪದ್ಧತಿ ಅಂತ ಪಟ್ಟಿ ಮಾಡಿದೆ.

ಬ್ಯಾಂಕ್ ವೆಬ್‌ಸೈಟ್‌ಗಳೆಲ್ಲ ಈಗ ಡಾಟ್ ಬ್ಯಾಂಕ್ ಡಾಟ್ ಇನ್ ಅಂತ ಮುಗೀಬೇಕು, ರಿಸರ್ವ್ ಬ್ಯಾಂಕ್ 2025ರ ಅಕ್ಟೋಬರ್ ಕೊನೆಗೆ ಗಡುವು ಕೊಟ್ಟಿತ್ತು. ಬ್ಯಾಂಕ್ ಪುಟ ಅಂತ ತೆರೆದದ್ದು ಹಾಗೆ ಮುಗೀದಿದ್ರೆ ಏನೂ ತುಂಬಬೇಡಿ.

ಮಲ್ಲೇಶ್ವರ 15ನೇ ಕ್ರಾಸ್

ಇಷ್ಟೆಲ್ಲ ಓದಿ ಒಂದು ಮಾತು. ದೂರು ಕೊಟ್ಟು ಏನೂ ಪ್ರಯೋಜನ ಇಲ್ಲ. ನಮ್ಮ ಭಾವನವರು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ರು, ಠಾಣೆಗೂ ಅಲೆದಾಡಿದ್ರು. ಒಂದು ರೂಪಾಯಿ ಬರಲಿಲ್ಲ. ಸಣ್ಣ ಮೊತ್ತಕ್ಕೆ ಯಾರೂ ತಲೆ ಕೆಡಿಸ್ಕೊಳ್ಳಲ್ಲ.

ಸಿಟಿ ಸಿವಿಲ್ ಕೋರ್ಟ್ ಹತ್ತಿರ

ನಿಮ್ಮ ಭಾವನವರ ಅನುಭವವನ್ನು ನಾನು ಅಲ್ಲಗಳೆಯುವುದಿಲ್ಲ ಸರ್. ವಕೀಲಳಾಗಿ ಅಂಥವರನ್ನು ನೋಡುತ್ತಲೇ ಇದ್ದೇನೆ. ಆದರೆ ದೂರು ಕೊಡಬೇಡಿ ಎಂಬ ಮಾತು ಇಲ್ಲಿ ಓದುವವರ ಮನಸ್ಸಿನಲ್ಲಿ ಉಳಿಯಬಾರದು ಎಂದು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

1930ಕ್ಕೆ ಕರೆ ಮಾಡಿದರೆ ದೂರು ಬರೆದುಕೊಳ್ಳುವುದಷ್ಟೇ ಅಲ್ಲ, ಹಣ ಹೋಗಿ ಸೇರಿದ ಬ್ಯಾಂಕಿಗೆ ಅಲ್ಲಿಂದಲೇ ಸಂದೇಶ ಹೋಗುತ್ತದೆ. ಆ ಖಾತೆಯಲ್ಲಿ ಹಣ ಇನ್ನೂ ಇದ್ದರೆ ತಡೆಹಿಡಿಯುತ್ತಾರೆ. ಮುಂದಿನ ಬ್ಯಾಂಕಿಗೆ ದಾಟಿದ್ದರೆ ಅಲ್ಲಿಗೆ ಸಂದೇಶ. ಮೋಸಗಾರರು ಬಾಡಿಗೆಗೆ ಪಡೆದ ಖಾತೆಗಳಲ್ಲಿ ಹಣವನ್ನು ಒಂದರಿಂದ ಒಂದಕ್ಕೆ ತಳ್ಳುತ್ತ ಕೊನೆಗೆ ಎಟಿಎಂನಲ್ಲಿ ತೆಗೆಯುತ್ತಾರೆ ಅಥವಾ ಕ್ರಿಪ್ಟೋ ಮಾಡುತ್ತಾರೆ. ಅದಕ್ಕೆ ಮೊದಲು ತಡೆ ಬಿದ್ದರೆ ನಿಮ್ಮ ಹಣ ಉಳಿಯುತ್ತದೆ. ಮೊದಲ ಒಂದೆರಡು ಗಂಟೆಗೆ ಅಷ್ಟು ಬೆಲೆ ಇರುವುದು ಇದರಿಂದ. ಠಾಣೆಗೆ ಹೋಗಿ ಬರೆದುಕೊಡೋಣ ಎಂದು ಮರುದಿನ ಬೆಳಗಿನವರೆಗೆ ಕಾದವರು ಆ ಗಂಟೆಗಳನ್ನು ಕಳೆದುಕೊಂಡಿರುತ್ತಾರೆ. ಮೊದಲು ಫೋನು, ಆಮೇಲೆ ಠಾಣೆ.

ಕರೆ ಮಾಡುವಾಗ ಕೈಯಲ್ಲಿ ಇರಬೇಕಾದ್ದು: ನಿಮ್ಮ ಯಾವ ಖಾತೆಯಿಂದ ಹಣ ಹೋಯಿತು ಎಂಬುದು, ಸಮಯ, ಮೊತ್ತ, ಯುಪಿಐ ಆದರೆ 12 ಅಂಕಿಯ ವ್ಯವಹಾರ ಸಂಖ್ಯೆ. ಗೊತ್ತಿಲ್ಲದ ಆಪ್ ಇನ್‌ಸ್ಟಾಲ್ ಆಗಿದ್ದರೆ ಆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಬೇರೆ ಫೋನಿನಿಂದ ಮಾಡಿ. ಚಾಟ್ ಅಳಿಸಬೇಡಿ. ಸಿಟ್ಟಿನಲ್ಲಿ ಎಲ್ಲ ಅಳಿಸಿ ಬರುವವರೇ ಹೆಚ್ಚು, ಸಾಕ್ಷಿ ಅಲ್ಲೇ ಹೋಗುತ್ತದೆ. ಆಮೇಲೆ ನಿಮ್ಮ ವಿಭಾಗದ ಸೆನ್ ಠಾಣೆಗೆ, ಅಂದರೆ ಸೈಬರ್ ಅಪರಾಧ ನೋಡುವ ಠಾಣೆಗೆ ಹೋಗಿ. ಬೇರೆಯವರ ಸೋಗು ಹಾಕಿ ಕಂಪ್ಯೂಟರ್ ಮೂಲಕ ವಂಚಿಸುವುದು ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 66ಡಿ ಕಲಮಿನಡಿ ಮೂರು ವರ್ಷದವರೆಗೆ ಜೈಲು ಶಿಕ್ಷೆಯ ಅಪರಾಧ.

ಒಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ತಡೆಹಿಡಿದ ಹಣ ತಾನಾಗಿ ನಿಮ್ಮ ಖಾತೆಗೆ ಬರುವುದಿಲ್ಲ. ಎಷ್ಟೋ ಸಲ ನ್ಯಾಯಾಲಯದ ಆದೇಶ ಬೇಕಾಗುತ್ತದೆ. ಅಪರಾಧ ಪ್ರಕರಣಗಳ ವಿಧಿವಿಧಾನದ ಕಾಯ್ದೆಯಾದ ಬಿಎನ್‌ಎಸ್‌ಎಸ್‌ನ 503ನೇ ಕಲಮಿನಡಿ ಅರ್ಜಿ ಹಾಕಿ ಕೇಳಬಹುದು. ಹಣ ಎಲ್ಲೋ ನಿಂತಿದ್ದು, ಕೇಳದೇ ಬಿಟ್ಟವರೂ ಇದ್ದಾರೆ. ನಿಮ್ಮ ಭಾವನವರ ದೂರಿನಲ್ಲಿ ಎಷ್ಟು ಹಣಕ್ಕೆ ತಡೆ ಬಿದ್ದಿದೆ ಎಂದು ತನಿಖಾಧಿಕಾರಿಯನ್ನು ಒಮ್ಮೆ ಕೇಳಿ ನೋಡಿ.

ಮೋಸಗಾರರಲ್ಲದ, ಆದರೆ ಕೆಟ್ಟ ಮಾಲು ಕಳಿಸಿ ರೀಫಂಡ್ ಕೊಡದ ನಿಜವಾದ ಅಂಗಡಿಯಾದರೆ ದಾರಿ ಬೇರೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ಆಲಿಸುವ ಅಧಿಕಾರಿಯ ಹೆಸರು, ಸಂಪರ್ಕ ಸೈಟಿನಲ್ಲಿ ಇರಲೇಬೇಕು. 48 ಗಂಟೆಯಲ್ಲಿ ದೂರು ಬಂತೆಂದು ಒಪ್ಪಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಆಗದಿದ್ದರೆ ಗ್ರಾಹಕ ಸಹಾಯವಾಣಿ 1915. ಅದೂ ಆಗದಿದ್ದರೆ ಇ-ಜಾಗೃತಿ ಪೋರ್ಟಲ್‌ನಲ್ಲಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಮನೆಯಿಂದಲೇ ದೂರು ಹಾಕಬಹುದು. ಕೊಂಡ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ವಕೀಲರೂ ಕಡ್ಡಾಯವಲ್ಲ. ಬ್ಯಾಂಕು 30 ದಿನದಲ್ಲಿ ಉತ್ತರ ಕೊಡದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ಬ್ಯಾಂಕುಗಳ ಮೇಲಿನ ದೂರು ಆಲಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು.

ಮಲ್ಲೇಶ್ವರ 15ನೇ ಕ್ರಾಸ್

503ರ ವಿಚಾರ ನಮಗೆ ಯಾರೂ ಹೇಳಿರಲಿಲ್ಲ ಮೇಡಂ. ಸೋಮವಾರ ಭಾವನವರ ಜೊತೆ ನಾನೇ ಠಾಣೆಗೆ ಹೋಗಿ ಕೇಳ್ತೀನಿ.

ರಾಜಾಜಿನಗರ ಅಮ್ಮ

ಎಲ್ಲರೂ ಇಷ್ಟು ಚೆನ್ನಾಗಿ ಹೇಳ್ತಿದ್ದೀರಿ, ಹಾಗಾದ್ರೆ ನಂದೂ ಕೇಳ್ತೀನಿ. ನಿನ್ನೆ ರಾತ್ರಿ ಫೇಸ್‌ಬುಕ್‌ನಲ್ಲಿ ಮಿಕ್ಸಿ, ಕುಕ್ಕರ್, ಏರ್ ಫ್ರೈಯರ್ ಮೂರೂ ಸೇರಿ 1,299 ಅಂತ ಬಂತು, ಹೆಸರಾದ ಕಂಪನಿಯ ಲೋಗೋನೇ ಇದೆ. "ಗೋಡೌನ್ ಖಾಲಿ ಮಾಡ್ತಿದ್ದೀವಿ" ಅಂತ. ಕ್ರೆಡಿಟ್ ಕಾರ್ಡ್‌ನಲ್ಲಿ ಕಟ್ಟಿದೆ. ಇವತ್ತು ಇದನ್ನ ಓದಿದ ಮೇಲೆ ಎದೆ ಹೊಡ್ಕೋತಿದೆ. ಸೈಟಿನ ಹೆಸರು ಕೆಳಗೆ ಫೋಟೋದಲ್ಲಿ ಹಾಕಿದ್ದೀನಿ, ಯಾರಾದ್ರೂ ನೋಡಿ ಹೇಳಿ.

ಎಚ್‌ಎಸ್‌ಆರ್ ಲೇಔಟ್ ಟೆಕ್ಕಿ

ಅಮ್ಮ, ನೋಡಿದೆ. ಇದು ಆ ಕಂಪನಿಯ ಸೈಟ್ ಅಲ್ಲ. ನೋಂದಣಿಯಾಗಿದ್ದು ಕಳೆದ ತಿಂಗಳು. ಕೆಳಗೆ "ಎಂ.ಜಿ. ರಸ್ತೆ, ಬೆಂಗಳೂರು" ಅಂತಿದೆ, ಕಟ್ಟಡದ ನಂಬರೂ ಇಲ್ಲ, ಫೋನ್ ನಂಬರೂ ಇಲ್ಲ, ಇಮೇಲ್ ಬಿಟ್ಟಿ ಜಿಮೇಲ್ ಖಾತೆ. ದೂರು ಅಧಿಕಾರಿಯ ಹೆಸರಿಲ್ಲ. ರಿಟರ್ನ್ ಪಾಲಿಸಿ ಪುಟ ತೆರೆದರೆ ಮಧ್ಯದಲ್ಲಿ ಶೂ ಅಂಗಡಿಯೊಂದರ ಹೆಸರು ಹಾಗೇ ಉಳಿದಿದೆ, ಬೇರೆ ಎಲ್ಲಿಂದಲೋ ಎತ್ತಿ ಅಂಟಿಸಿದ್ದಾರೆ. ಮೂರು ವಸ್ತುವಿನ ಕೆಳಗೂ ಒಂದೇ ಜನ ಒಂದೇ ಮಾತಿನಲ್ಲಿ ರಿವ್ಯೂ ಬರೆದಿದ್ದಾರೆ.

ನಿವೃತ್ತ ಬ್ಯಾಂಕಿನವನು

ಅಮ್ಮಾ, ಗಾಬರಿ ಬೇಡ, ಕ್ರೆಡಿಟ್ ಕಾರ್ಡ್ ಆದ್ದರಿಂದ ಕೈಯಲ್ಲಿ ಇನ್ನೂ ದಾರಿ ಇದೆ. ಈಗಲೇ ಬ್ಯಾಂಕಿನ ಆಪ್‌ನಲ್ಲಿ ಕಾರ್ಡ್ ಬ್ಲಾಕ್ ಮಾಡಿ. ಹೋಗಿರುವ 1,299ಕ್ಕಿಂತ ಇನ್ನು ಹೋಗಬಹುದಾದದ್ದು ದೊಡ್ಡದು, ಕಾರ್ಡಿನ ನಂಬರ್ ಅವರ ಬಳಿ ಇದೆ. ಕಾರ್ಡಿನ ಹಿಂಬದಿಯಲ್ಲಿ ಅಚ್ಚಾದ ನಂಬರಿಗೆ ಕರೆ ಮಾಡಿ ನಕಲಿ ಅಂಗಡಿ ಎಂದು ತಕರಾರು ಹಾಕಿ. ಆಮೇಲೆ 1930. ಇನ್ನೆರಡು ಮೂರು ದಿನದಲ್ಲಿ "ಆರ್ಡರ್ ಕ್ಯಾನ್ಸಲ್ ಆಗಿದೆ, ರೀಫಂಡ್ ಕೊಡುತ್ತೇವೆ" ಎಂದು ಯಾರಾದರೂ ಫೋನ್ ಮಾಡಿದರೆ ಮಾತನಾಡದೆ ಇಟ್ಟುಬಿಡಿ.

ರಾಜಾಜಿನಗರ ಅಮ್ಮ

ಕಾರ್ಡ್ ಬ್ಲಾಕ್ ಆಯ್ತು ಸರ್. ಬ್ಯಾಂಕಿನವರು ತಕರಾರು ಬರ್ಕೊಂಡ್ರು, ಹೊಸ ಕಾರ್ಡ್ ಬರೋಕೆ ಒಂದು ವಾರ ಆಗುತ್ತಂತೆ. 1930ಕ್ಕೆ ಎರಡನೇ ಸಲಕ್ಕೆ ಲೈನ್ ಸಿಕ್ತು, ಕನ್ನಡದಲ್ಲೇ ಮಾತಾಡಿದ್ರು, ಸ್ವೀಕೃತಿ ಸಂಖ್ಯೆ ಮೆಸೇಜಿನಲ್ಲಿ ಬಂದಿದೆ. ಅದನ್ನ ಏನ್ ಮಾಡ್ಬೇಕು?

ಸಿಟಿ ಸಿವಿಲ್ ಕೋರ್ಟ್ ಹತ್ತಿರ

ಆ ಸಂಖ್ಯೆ ಹಾಕಿ 24 ಗಂಟೆಯೊಳಗೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಪೋರ್ಟಲ್‌ನಲ್ಲಿ ದೂರನ್ನು ಪೂರ್ತಿ ಮಾಡಬೇಕಮ್ಮ. ಜಾಹೀರಾತಿನ ಫೋಟೋ, ಸೈಟಿನ ವಿಳಾಸ, ಕಾರ್ಡಿನಿಂದ ಹಣ ಹೋದ ಮೆಸೇಜು, ಮೂರನ್ನೂ ಅಲ್ಲಿ ಹಾಕಿ. ಆ ಸೈಟು ನಾಳೆ ಇರುತ್ತದೋ ಇಲ್ಲವೋ, ಸ್ಕ್ರೀನ್‌ಶಾಟ್ ಈಗಲೇ ತೆಗೆದಿಡಿ. ತುಂಬುವಾಗ ಎಲ್ಲಾದರೂ ನಿಂತುಹೋದರೆ ಇಲ್ಲೇ ಬರೆಯಿರಿ, ನಾನು ಸಂಜೆ ಏಳರ ಮೇಲೆ ಇರುತ್ತೇನೆ.